ಎರಡು ಹಲಗೆಯ ದೋಣಿಗೊಂದು ಊರ ಕೆರೆ

ಉದ್ದ ಏಳು ಅಡಿ ಒಂಬತ್ತು ಇಂಚು. ತೂಕ 35 ಕಿಲೋ. ಮೂತಿ ಚೂಪಾಗಿಲ್ಲ, ಗರಗಸದಲ್ಲಿ ಕೊಯ್ದಂತೆ ಮೊಂಡು. ಹಾಯಿ ಕಟ್ಟದೆ ದಡದಲ್ಲಿ ಬಿಟ್ಟರೆ ದನಗಳಿಗೆ ಅಕ್ಕಚ್ಚು ಹಾಕುವ ಮರಿಗೆಯ ಹಾಗೆ ಕಾಣುತ್ತದೆ. ಇದರ ಹೆಸರು ಆಪ್ಟಿಮಿಸ್ಟ್. ಹದಿನೈದು ವರ್ಷದವರೆಗಿನ ಮಕ್ಕಳು ಒಬ್ಬೊಬ್ಬರೇ ಕುಳಿತು ನಡೆಸುವ ಹಾಯಿದೋಣಿ ಇದು. ನೂರಕ್ಕೂ ಹೆಚ್ಚು ದೇಶಗಳ ಮಕ್ಕಳು ಹಾಯಿ ಹಿಡಿಯುವುದನ್ನು ಕಲಿಯುವುದು ಇದರಲ್ಲೇ. ಒಲಿಂಪಿಕ್ಸ್‌ಗೆ ಹೋಗುವ ಹಾಯಿದೋಣಿ ಸ್ಪರ್ಧಿಗಳಲ್ಲಿ ಬಹುಪಾಲು ಜನ ಚಿಕ್ಕಂದಿನಲ್ಲಿ ಈ ಮೊಂಡು ಮೂತಿಯ ದೋಣಿಯಲ್ಲಿ ಕುಳಿತವರೇ.

ಇದು ಹುಟ್ಟಿದ್ದು 1947ರಲ್ಲಿ, ಅಮೆರಿಕದ ಫ್ಲಾರಿಡಾದ ಕ್ಲಿಯರ್‌ವಾಟರ್ ಎಂಬ ಊರಿನಲ್ಲಿ. ಅಲ್ಲಿನ ಆಪ್ಟಿಮಿಸ್ಟ್ ಕ್ಲಬ್ಬಿನವರು ಊರ ಹುಡುಗರಿಗಾಗಿ ಚಕ್ರ ಕಟ್ಟಿದ ಪೆಟ್ಟಿಗೆ ಬಂಡಿಗಳ ಓಟ ನಡೆಸುತ್ತಿದ್ದರು. ಅದನ್ನೇ ನೀರಿನ ಮೇಲೆ ಯಾಕೆ ನಡೆಸಬಾರದು ಎಂದು ಕ್ಲಿಫರ್ಡ್ ಮೆಕೇ ಎಂಬವರಿಗೆ ತೋಚಿತು. ಕ್ಲಾರ್ಕ್ ಮಿಲ್ಸ್ ಎಂಬ ದೋಣಿ ಕಟ್ಟುವವನ ಬಳಿ ಹೋದರು. ಖರ್ಚು ಐವತ್ತು ಡಾಲರ್ ದಾಟಬಾರದು, ಅಪ್ಪ ಮಗ ಸೇರಿ ಮನೆಯಂಗಳದಲ್ಲೇ ಕಟ್ಟುವಂತಿರಬೇಕು ಎಂದರು. ಎಂಟಡಿ ಉದ್ದ ನಾಲ್ಕಡಿ ಅಗಲದ ಎರಡು ಪ್ಲೈವುಡ್ ಹಲಗೆಗಳಲ್ಲಿ ದೋಣಿ ಮುಗಿಯಬೇಕಿತ್ತು. ಚೂಪು ಮೂತಿ ಮಾಡಹೊರಟರೆ ಹಲಗೆ ಸಾಲದು. ಮಿಲ್ಸ್ ಮೂತಿಯನ್ನೇ ಕತ್ತರಿಸಿ ಹಾಕಿದ. ಆ ನಕ್ಷೆಯನ್ನು ಅವನು ಕ್ಲಬ್ಬಿಗೆ ದಾನವಾಗಿ ಕೊಟ್ಟುಬಿಟ್ಟ. 1954ರಲ್ಲಿ ಅದು ಡೆನ್ಮಾರ್ಕ್ ಸೇರಿ ಅಲ್ಲಿಂದ ಲೋಕವೆಲ್ಲ ಹರಡಿತು.

ಹತ್ತಿರದಿಂದ ನೋಡಬೇಕಾದ ದೋಣಿ ಇದು. ಮುಂಭಾಗದಲ್ಲೊಂದು ಗಿಡ್ಡ ಕೂವೆಕಂಬ. ಅದರ ಕೆಳಭಾಗದಿಂದ ಓರೆಯಾಗಿ ಮೇಲಕ್ಕೆ ಹೋಗುವ ಸಪೂರ ಕೋಲು ಹಾಯಿಯ ಮೇಲ್ಮೂಲೆಯನ್ನು ಎತ್ತಿ ಹಿಡಿಯುತ್ತದೆ. ನಡುವೆ ಒಂದು ಸೀಳು. ಅದರೊಳಗಿಂದ ನೀರಿಗಿಳಿಯುವ ಹಲಗೆ ದೋಣಿ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಹಿಂದೆ ಚುಕ್ಕಾಣಿ. ಅಂಚಿನ ಒಳಗೆ ಗಾಳಿ ತುಂಬಿದ ಮೂರು ಚೀಲಗಳು. ದೋಣಿ ಮಗುಚಿದರೂ ಮುಳುಗದು. ದಾರದಲ್ಲಿ ಕಟ್ಟಿದ ಒಂದು ಪ್ಲಾಸ್ಟಿಕ್ ಕ್ಯಾನಿನ ತುಂಡು ನೀರು ಮೊಗೆದು ಹೊರಚೆಲ್ಲಲಿಕ್ಕೆ. ಮಗುವಿನ ಒಂದು ಕೈಯಲ್ಲಿ ಚುಕ್ಕಾಣಿಯ ಹಿಡಿ, ಇನ್ನೊಂದರಲ್ಲಿ ಹಾಯಿಯ ಹಗ್ಗ.

ಮೊದಲ ಪಾಠ ದೋಣಿ ಮಗುಚುವುದು. ಲೈಫ್ ಜಾಕೆಟ್ ತೊಟ್ಟ ಮಗು ಬೇಕೆಂದೇ ದೋಣಿಯನ್ನು ಅಡಿಮೇಲು ಮಾಡಿ, ಈಜಿಕೊಂಡು ಹಿಂದಕ್ಕೆ ಬಂದು, ತಳದಿಂದ ಹೊರಚಾಚಿದ ನಡುಹಲಗೆಗೆ ಜೋತುಬಿದ್ದು ಅದನ್ನು ಮತ್ತೆ ನೆಟ್ಟಗೆ ಮಾಡಬೇಕು. ಹೆದರಿಕೆ ಅಲ್ಲಿಗೆ ಹೋಗುತ್ತದೆ. ಆಮೇಲಿನದೆಲ್ಲ ಗಾಳಿಯ ಜೊತೆಗಿನ ಲೆಕ್ಕಾಚಾರ. ಗಾಳಿ ಬರುವ ದಿಕ್ಕಿಗೆ ನೇರವಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹೊರಳುತ್ತ ಏರಬೇಕು. ಇದನ್ನು ಒಂಬತ್ತು ವರ್ಷದ ಹುಡುಗಿ ಯಾರೂ ಹೇಳಿಕೊಡದೆ ತಾನೇ ನಿರ್ಧರಿಸಿ ಮಾಡಬೇಕು. ದಡದಲ್ಲಿರುವ ಅಪ್ಪ ಅಮ್ಮನ ಕೂಗು ಅವಳಿಗೆ ಕೇಳಿಸುವುದಿಲ್ಲ. ನನಗೆ ಈ ಆಟದಲ್ಲಿ ಅತ್ಯಂತ ಹಿಡಿಸಿದ ಸಂಗತಿ ಇದೇ.

ನಮ್ಮ ರಾಜ್ಯದಲ್ಲಿ ಇದು ನಗರದ ನಟ್ಟನಡುವೆ, ಬೆಂಗಳೂರಿನ ಹಲಸೂರು ಕೆರೆಯಲ್ಲಿ ಬೇರುಬಿಟ್ಟಿದೆ. ಕೆರೆಯ ಪಕ್ಕದಲ್ಲೇ ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ, 1780ರಷ್ಟು ಹಳೆಯ, ಸೇನೆಯ ಎಂಜಿನಿಯರುಗಳ ಎಂಇಜಿ ಪಡೆಯ ಕೇಂದ್ರ. ಅದರ ಆಶ್ರಯದಲ್ಲಿರುವುದು ತೃಷ್ಣಾ ಸೇಲಿಂಗ್ ಕ್ಲಬ್. ಹೆಸರಿನ ಹಿಂದೊಂದು ಸಾಹಸವಿದೆ. ನಮ್ಮ ಸೇನೆಯ ಎಂಜಿನಿಯರುಗಳ ತಂಡ 1985ರ ಸೆಪ್ಟೆಂಬರಿನಲ್ಲಿ 37 ಅಡಿಯ ‘ತೃಷ್ಣಾ’ ಎಂಬ ಹಾಯಿನೌಕೆಯಲ್ಲಿ ಮುಂಬಯಿಯಿಂದ ಹೊರಟು, ಭೂಮಿಗೆ ಸುತ್ತು ಹಾಕಿ 1987ರ ಜನವರಿಯಲ್ಲಿ ಮರಳಿತು. ಭಾರತೀಯರು ಹಾಯಿಯಲ್ಲಿ ಲೋಕ ಸುತ್ತಿದ್ದು ಅದೇ ಮೊದಲು. ಅಂಚೆ ಇಲಾಖೆ ಅದಕ್ಕೊಂದು ಚೀಟಿಯನ್ನೂ ಹೊರಡಿಸಿತು. ಅದೇ ಹೆಸರನ್ನು ಹೊತ್ತ ಕ್ಲಬ್ಬು ಇವತ್ತು ಸಮುದ್ರವೇ ಇಲ್ಲದ ಊರಿನಲ್ಲಿ ಮಕ್ಕಳಿಗೆ ಹಾಯಿ ಕಲಿಸುತ್ತಿದೆ.

ಸಮುದ್ರವಿಲ್ಲದ ಊರುಗಳೇ ಈ ಆಟದಲ್ಲಿ ಮುಂದೆ ನಿಂತಿವೆ ನೋಡಿ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಸುಹೇಮ್ ಶೇಖ್ 2009ರಲ್ಲಿ ಕಟ್ಟಿದ ಯಾಟ್ ಕ್ಲಬ್ಬು ಸರ್ಕಾರಿ ಶಾಲೆಯ ಬಡಮಕ್ಕಳನ್ನು ಕರೆತಂದು ರಾಷ್ಟ್ರಮಟ್ಟಕ್ಕೆ ಏರಿಸಿತು. ಭೋಪಾಲದ ಬಡಾ ತಾಲಾಬ್ ರಾಜಾ ಭೋಜನ ಕಾಲದ್ದೆಂದು ಹೇಳುವ ಕೆರೆ. ಅಲ್ಲಿ ಕಲಿತ ದೇವಾಸ್ ಜಿಲ್ಲೆಯ ರೈತನ ಮಗಳು ನೇಹಾ ಠಾಕೂರ್ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದಳು.

ಕಡಲೇ ಮನೆಯಂಗಳವಾಗಿರುವ ನಮ್ಮ ಉಡುಪಿ ಕಡೆ ಏನಾಯಿತು? ಮಲ್ಪೆ, ಹಂಗಾರಕಟ್ಟೆ, ಗಂಗೊಳ್ಳಿಗಳ ಹಿರಿಯರು ಹಾಯಿ ಮಂಜಿಗಳ ಕಾಲವನ್ನು ಈಗಲೂ ನೆನೆಯುತ್ತಾರೆ. ಹೆಂಚು ಹೇರಿಕೊಂಡು ಪಡುಗಡಲಿನ ಉದ್ದಕ್ಕೂ ಓಡಾಡಿದ ಹಡಗುಗಳವು. ಮೀನಿಗೆ ಹೋಗುವವರು ನಸುಕಿನ ಮೂಡುಗಾಳಿಯಲ್ಲಿ ಹೊರಟು ಮಧ್ಯಾಹ್ನದ ಪಡುಗಾಳಿಯಲ್ಲಿ ಹಾಯಿ ಬಿಚ್ಚಿ ಮರಳುತ್ತಿದ್ದರು. ಎಂಜಿನ್ ಬಂತು, ದುಡಿಯುವವರ ಮೈನೋವು ಇಳಿಯಿತು, ಅದು ಒಳ್ಳೆಯದೇ. ಹಾಯಿ ಮಾತ್ರ ಒಂದು ತಲೆಮಾರಿನಲ್ಲೇ ಕಣ್ಮರೆಯಾಯಿತು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೂ ಈಗ ಎಂಜಿನ್ನೇ. 1901ರಿಂದ ಕಾಪುವಿನ ದೀಪಸ್ತಂಭ ಎಷ್ಟು ಹಾಯಿಗಳಿಗೆ ದಾರಿ ತೋರಿಸಿತೋ. ಅದರ ಬುಡದಲ್ಲಿ ಆಡುವ ಇವತ್ತಿನ ಮಕ್ಕಳು ಗಾಳಿಯಲ್ಲಿ ನಡೆಯುವ ದೋಣಿಯನ್ನು ಕಂಡವರಲ್ಲ.

ಹಾಗೆಂದು ಪುಟ್ಟ ಮಕ್ಕಳನ್ನು ನೇರ ಕಡಲಿಗೆ ಇಳಿಸಲಾಗದು. ಅಲೆ, ಸೆಳೆತ, ಬೋಟುಗಳ ಓಡಾಟ, ಮಳೆಗಾಲದ ಅಬ್ಬರ. ಕಲಿಯಲಿಕ್ಕೆ ಬೇಕಾದದ್ದು ಕೆರೆ. ಮಣಿಪಾಲದಲ್ಲಿ ಮಣ್ಣಪಳ್ಳವಿದೆ. ಕಾರ್ಕಳದಲ್ಲಿ ಗೊಮ್ಮಟಬೆಟ್ಟದಿಂದ ಕೆಳಗೆ ಕಾಣುವ ರಾಮಸಮುದ್ರವಿದೆ, ನಡುವೆ ಬಸದಿಯನ್ನಿಟ್ಟುಕೊಂಡ ಆನೆಕೆರೆಯಿದೆ. ಬಸದಿಯಿರುವ ಆನೆಕೆರೆಯನ್ನು ಹಾಗೆಯೇ ಬಿಡೋಣ. ಮಣ್ಣಪಳ್ಳದ ಸುತ್ತ ಜನ ಬೆಳಗ್ಗೆ ಸಂಜೆ ನಡೆಯುತ್ತಾರೆ, ಅಲ್ಲಿ ಬೋಟಿಂಗ್ ಕೂಡ ಒಂದಷ್ಟು ಕಾಲ ನಡೆದದ್ದುಂಟು. ಬೋಟಿಂಗ್ ಎಂದರೆ ಟಿಕೆಟು ತೆಗೆದು ಒಂದು ಸುತ್ತು ಬರುವುದು. ಪ್ರವಾಸಿಗರು ಬಾರದಿದ್ದರೆ ಅದು ನಿಲ್ಲುತ್ತದೆ. ಕಲಿಕೆಯ ಕೇಂದ್ರ ನಿಲ್ಲುವುದು ಊರಿನ ಮಕ್ಕಳ ಮೇಲೆ. ಇನ್ನೊಂದು ಅನುಕೂಲವನ್ನು ಯಾರೂ ಎಣಿಸಿದಂತಿಲ್ಲ. ನಮ್ಮಲ್ಲಿ ಮಳೆಗಾಲ ಕಳೆದ ಮೇಲೆ ಪಡುಗಾಳಿ ಬೀಸುವುದು ಮಧ್ಯಾಹ್ನ ಕಳೆದು, ಅಂದರೆ ಶಾಲೆ ಬಿಡುವ ಹೊತ್ತಿಗೆ.

ಬೇಕಾದದ್ದು ಹೆಚ್ಚಿಲ್ಲ. ನೀರಿಗೆ ಇಳಿಜಾರಾದ ಒಂದು ಕಟ್ಟೆ, ದೋಣಿಗಳನ್ನಿಡಲು ಒಂದು ಶೆಡ್, ಅಳತೆ ಸರಿಯಾದ ಲೈಫ್ ಜಾಕೆಟುಗಳು, ಜೊತೆಗಿರಲು ಒಂದು ರಕ್ಷಣಾ ದೋಣಿ, ತರಬೇತಾದ ಒಬ್ಬ ಕೋಚ್. ಒಂದೂವರೆ ಮೀಟರ್ ನೀರಿದ್ದರೆ ಆಪ್ಟಿಮಿಸ್ಟ್ ಆರಾಮವಾಗಿ ಓಡುತ್ತದೆ. ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲ ಸಿಕ್ಕಿದರೂ ಸಾಕು. ಸ್ಪರ್ಧೆಯ ದೋಣಿಗಳನ್ನು ಫೈಬರಿನಲ್ಲಿ ಮಾಡುತ್ತಾರೆ, ಅವು ದುಬಾರಿ. ಕಲಿಕೆಗೆ ಪ್ಲೈವುಡ್ಡೇ ಸಾಕು, ಮಿಲ್ಸ್ ಮಾಡಿದ್ದೂ ಅದನ್ನೇ. ಮಲ್ಪೆಯಲ್ಲಿ ದೋಣಿ ಕಟ್ಟುವ ಕೈಗಳಿಗೆ ಬರವಿಲ್ಲ.

ಕೆರೆಯ ನೀರು ಕೆಡುತ್ತದೆಂದು ಕೆಲವರು ಹೆದರಬಹುದು. ಹಾಯಿಗೆ ಎಣ್ಣೆ ಬೇಡ. ರಕ್ಷಣಾ ದೋಣಿಯನ್ನೂ ಬ್ಯಾಟರಿಯಲ್ಲಿ ಓಡಿಸಬಹುದು. ನಿಜ ಹೇಳಬೇಕೆಂದರೆ ಲಾಭ ಕೆರೆಗೇ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ರಾಶಿರಾಶಿ ಮೀನು ಸತ್ತು ತೇಲಿದ್ದು ದೊಡ್ಡ ಸುದ್ದಿಯಾಯಿತು. ಕೊಳಕು ನೀರನ್ನು ದಡದಲ್ಲಿ ನಡೆಯುವವರು ಮೂಗು ಮುಚ್ಚಿ ದಾಟಿಯಾರು. ತನ್ನ ಮಗು ವಾರಕ್ಕೆರಡು ಸಲ ಆ ನೀರಿನಲ್ಲಿ ಮಗುಚುತ್ತದೆ ಎಂದಾದರೆ ಯಾವ ತಾಯಿಯೂ ಸುಮ್ಮನಿರಲಾರಳು. ಕಳೆ ಬೆಳೆದರೆ ನಡುಹಲಗೆಗೆ ಸುತ್ತಿಕೊಳ್ಳುತ್ತದೆ. ಅದನ್ನು ಎಲ್ಲರಿಗಿಂತ ಮೊದಲು ಕಾಣುವವರು ಮಕ್ಕಳೇ.

ಉಡುಪಿ ನಗರಸಭೆ, ಕಾರ್ಕಳ ಮತ್ತು ಕಾಪು ಪುರಸಭೆಗಳ ಸದಸ್ಯರಲ್ಲಿ ಒಂದು ಕೋರಿಕೆ. ಕೆರೆ ಅಭಿವೃದ್ಧಿ ಎಂದೊಡನೆ ಇಂಟರ್‌ಲಾಕ್ ಹಾಸಿ, ದೀಪದ ಕಂಬ ನೆಟ್ಟು ಮುಗಿಸಬೇಡಿ. ಒಮ್ಮೆ ಹಲಸೂರಿಗೆ, ಹುಸೇನ್ ಸಾಗರಕ್ಕೆ ಹೋಗಿ ನೋಡಿ ಬನ್ನಿ. ನಾಲ್ಕು ದೋಣಿ, ಒಬ್ಬ ಕೋಚ್, ಎರಡು ಸರ್ಕಾರಿ ಶಾಲೆಗಳ ಮಕ್ಕಳಿಂದ ಶುರುಮಾಡಿ. ಆಪ್ಟಿಮಿಸ್ಟ್ ದೋಣಿಗೆ ಹದಿನೈದರ ಗಡಿಯಿದೆ. ಈಗ ಹತ್ತು ತುಂಬಿದ ಮಗುವಿಗೆ ಉಳಿದಿರುವುದು ಐದೇ ವರ್ಷ.