ಗೋಡೆಯೊಳಗಿನ ಕಂಬವನ್ನರಸುವವರು

ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಮಿಡ್‌ಲ್ಯಾಂಡ್ ಪಟ್ಟಣದಲ್ಲಿ, 1973ರ ಸುಮಾರಿಗೆ, ಬೈಬಲ್ ಅಧ್ಯಯನಕ್ಕೆಂದು ಕೂಡುತ್ತಿದ್ದ ಕೆಲವರು, ದುಡ್ಡಿಲ್ಲದೆ ಶಿಥಿಲವಾಗುತ್ತಿದ್ದ ನೆರೆಯವರ ಮನೆಗಳನ್ನು ಏಪ್ರಿಲ್ ತಿಂಗಳಿನಲ್ಲಿ ತಮ್ಮ ಕೈಯಾರೆ ಸರಿಪಡಿಸತೊಡಗಿದಾಗ, ಉಪಕಾರ ಪಡೆದವರೊಬ್ಬರು ಇದು ಏಪ್ರಿಲ್‌ನಲ್ಲಿ ಬಂದ ಕ್ರಿಸ್‌ಮಸ್ ಎಂದರಂತೆ. ಆ ಉದ್ಗಾರವೇ ಕಾರ್ಯಕ್ಕೆ ಹೆಸರಾಯಿತು. 1988ರಲ್ಲಿ ರಾಷ್ಟ್ರೀಯ ಸಂಸ್ಥೆಯಾಗಿ, ಅನಂತರ ‘ರೀಬಿಲ್ಡಿಂಗ್ ಟುಗೆದರ್’ ಎಂಬ ನಾಮಧೇಯವನ್ನು ತಳೆದ ಈ ಸೇವಾಸಂಘವು ಇಂದು ಆ ದೇಶದ ಅನೇಕ ನಗರಗಳಲ್ಲಿ ಕೆಲಸ ಮಾಡುತ್ತಿದೆ.

ಸ್ವಂತ ಮನೆಯುಳ್ಳವರಿಗೆ ಪರರ ನೆರವೇಕೆ ಎಂದು ಕೇಳುವವರುಂಟು. ಮೂವತ್ತು ವರುಷ ಕಂತು ಕಟ್ಟಿ ಮನೆ ತಮ್ಮದಾಗುವ ವೇಳೆಗೆ ಸಂಬಳ ನಿಂತಿರುತ್ತದೆ, ಮಕ್ಕಳು ದೂರ ಹೋಗಿರುತ್ತಾರೆ, ಮಾಡು ಸೋರತೊಡಗಿರುತ್ತದೆ, ಮನೆತೆರಿಗೆ ಮಾತ್ರ ವರುಷ ತಪ್ಪದೆ ಬರುತ್ತಿರುತ್ತದೆ. ಇಂಥವರಿಗೆ ಮನೆಯೇ ಅಪಾಯ. ಆ ದೇಶದಲ್ಲಿ 65 ದಾಟಿದ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ವರುಷಕ್ಕೊಮ್ಮೆಯಾದರೂ ಬೀಳುತ್ತಾರೆ. ಸೊಂಟದ ಮೂಳೆ ಮುರಿದ ಎಷ್ಟೋ ವೃದ್ಧರು ಆಸ್ಪತ್ರೆಯಿಂದ ವೃದ್ಧಾಲಯಕ್ಕೆ ಹೋಗುತ್ತಾರಲ್ಲದೆ ಮನೆಗೆ ಮರಳುವುದಿಲ್ಲ.

ಇದನ್ನು ತಪ್ಪಿಸಬಲ್ಲ ವಸ್ತುಗಳು ಅಲ್ಪವಾದುವು, ಆದರೆ ಅವನ್ನು ಜೋಡಿಸುವ ವಿದ್ಯೆ ಅಲ್ಪವಲ್ಲ. ಬಚ್ಚಲುಮನೆಯ ಹಿಡಿಸರಳನ್ನೇ ನೋಡಿರಿ. ನಮ್ಮಲ್ಲಿಯಂತೆ ಇಟ್ಟಿಗೆಯ ಗೋಡೆಯಾಗಿದ್ದರೆ ಎಲ್ಲಿ ಬೇಕಾದರೂ ತೂತು ಕೊರೆದು ಬಿಗಿಯಬಹುದಾಗಿತ್ತು; ಅಲ್ಲಿಯ ಗೋಡೆಯಾದರೋ ಮರದ ಚೌಕಟ್ಟಿನ ಮೇಲೆ ಜಿಪ್ಸಮ್ ಹಲಗೆಯನ್ನು ಹೊದಿಸಿದ್ದು, ಸಾಮಾನ್ಯವಾಗಿ 16 ಅಂಗುಲಕ್ಕೊಂದರಂತೆ ಒಳಗೆ ಅಡಗಿ ನಿಂತಿರುವ ಕಂಬವನ್ನು ಹುಡುಕಿ, ಅದಕ್ಕೇ ತಿರುಪುಮೊಳೆಯನ್ನು ಬಿಗಿಯದಿದ್ದರೆ, ಜಾರುವ ಮುದುಕಿ ಹಿಡಿದ ಕ್ಷಣದಲ್ಲಿಯೇ ಸರಳು ಗೋಡೆಯನ್ನು ಕಿತ್ತುಕೊಂಡು ಅವಳೊಡನೆ ಬೀಳುತ್ತದೆ. ಗಾಲಿಕುರ್ಚಿಯ ಇಳಿಜಾರಿಗೂ ಲೆಕ್ಕವಿದೆ: ಒಂದು ಅಂಗುಲ ಎತ್ತರಕ್ಕೆ ಒಂದು ಅಡಿ ಉದ್ದ, ಎಂದರೆ ಎರಡಡಿಯ ಜಗಲಿಗೆ 24 ಅಡಿ. ದಯೆಯೊಂದರಿಂದಲೇ ಈ ಲೆಕ್ಕ ಬಗೆಹರಿಯದು. ಸುಣ್ಣಬಣ್ಣ ಬಳಿಯಲು ನೂರು ಕೈಗಳು ಸಿಕ್ಕುತ್ತವೆ, ಚಿತ್ರವೂ ಅದರದೇ ಚೆನ್ನಾಗಿ ಬರುತ್ತದೆ. ಬೇಕಾದವನು ಮಾತ್ರ ಕೆಲಸ ಬಲ್ಲ ಬಡಗಿ.

ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರಾ ಝಾಂಟನ್ ಎಂಬ ದಾದಿ-ವಿದುಷಿಯು ರೂಪಿಸಿದ ‘ಕೇಪಬಲ್’ ಯೋಜನೆ ಸ್ವಯಂಸೇವೆಯದಲ್ಲವಾದರೂ ಇಲ್ಲಿ ಸ್ಮರಣೀಯ. ದಾದಿ, ದೈನಂದಿನ ಚಟುವಟಿಕೆಗಳ ಚಿಕಿತ್ಸಕಿ, ದುರಸ್ತಿಗಾರ, ಈ ಮೂವರು ಕೆಲವು ತಿಂಗಳ ಕಾಲ ವೃದ್ಧರ ಮನೆಗೆ ಬಂದುಹೋಗುತ್ತಾರೆ. ಏನಾಗಬೇಕೆಂಬುದನ್ನು ನಿಶ್ಚಯಿಸುವವರು ಮಾತ್ರ ಮನೆಯವರೇ. ಒಬ್ಬರಿಗೆ ಮೆಟ್ಟಿಲಿನ ಹಿಡಿಗಂಬಿ ಬೇಕು, ಇನ್ನೊಬ್ಬರಿಗೆ ತಾವೇ ಅಡುಗೆ ಮಾಡಿಕೊಳ್ಳುವಂತಾಗಬೇಕು. ನಮ್ಮ ಮನೆಗೆ ಏನು ಬೇಕೆಂದು ಹೊರಗಿನವರು ಹೇಳಿದರೆ ನಮಗೆ ತಾನೆ ರುಚಿಸೀತೆ?

ವಾಚಕರು ಮುಂದಿನ ಸಲ ತಂದೆತಾಯಿಯರಲ್ಲಿಗೆ ಹೋದಾಗ, ಬಚ್ಚಲಿನಲ್ಲಿ ಅವರು ಏನನ್ನು ಹಿಡಿದು ಏಳುತ್ತಾರೆಂಬುದನ್ನು ವಿಚಾರಿಸಲಿ. ಅದು ನಲ್ಲಿಯಾಗಿದ್ದರೆ, ಅಂದೇ ಬಡಗಿಯನ್ನು ಕರೆಸಲಿ.