ಕಾಲುಚೀಲದ ಒಳಮೈಯನ್ನೂ ನೋಡಿ!

ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಧನುರ್ಮಾಸದ ಬೆಳಗ್ಗೆ ಜಯನಗರ, ಬನಶಂಕರಿಯ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲಿಟ್ಟವರಿಗೆ ಚಳಿ ಅಂದರೇನು ಅಂತ ಹೇಳಿಕೊಡಬೇಕಿಲ್ಲ. 1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಈಗ 15ಕ್ಕಿಳಿದರೇ ಸಾಕು, ಸ್ವೆಟರ್, ಮಂಕಿಕ್ಯಾಪ್ ಎಲ್ಲ ಬೀರುವಿನಿಂದ ಹೊರಬರುತ್ತವೆ. ಪಾದಗಳ ನೆನಪಾಗುವುದು ಕೊನೆಗೆ.

ನಮ್ಮನೆಯಲ್ಲಿ ಆ ನೆನಪು ಮಾಡಿಸಿದ್ದು ಮಾವನವರ ಸಕ್ಕರೆ ಕಾಯಿಲೆ. ಅವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆ. ಬಿಗಿ ಇಲಾಸ್ಟಿಕ್ ಬೇಡ, ಬೆರಳಿಗೆ ಒತ್ತುವ ದಪ್ಪ ಹೊಲಿಗೆಯೂ ಬೇಡ, ಗಾಯವಾದರೆ ಅವರಿಗೇ ಗೊತ್ತಾಗುವುದಿಲ್ಲ ಎಂದರು ಡಾಕ್ಟರು. ಮಾವನವರದ್ದು ಇನ್ನೊಂದು ಹಟ: "ಬೋಳು ಕಾಲುಚೀಲ ಬೇಡಮ್ಮ, ಆಸ್ಪತ್ರೆಯದು ಅನ್ಸತ್ತೆ." ಇಬ್ಬರ ಮಾತೂ ನಡೆಯಬೇಕಿತ್ತು. ಹಾಗಾಗಿ ಎರಡು ಬಣ್ಣದ ಚಿತ್ತಾರದ ಹೆಣಿಗೆ ಹಿಡಿದೆ.

ಈ ಹೆಣಿಗೆಗೆ ಸ್ಕಾಟ್ಲೆಂಡಿನ ಫೇರ್ ಐಲ್ ದ್ವೀಪ ಹೆಸರುವಾಸಿ. ನಾರ್ವೆಯ ಸೆಲ್ಬುವಿನಲ್ಲಿ 1857ರಲ್ಲಿ ಮಾರಿತ್ ಎಮ್‌ಸ್ಟಾಡ್ ಎಂಬ ಹುಡುಗಿ ಹೆಣೆದ ಕೈಗವುಸಿನಿಂದ ಎಂಟೆಸಳಿನ ನಕ್ಷತ್ರ ಅಲ್ಲಿ ಮನೆಮಾತಾಯಿತು ಎನ್ನುತ್ತಾರೆ. ಚುಕ್ಕಿ ಎಣಿಸಿ ರಂಗೋಲಿ ಹಾಕುವ ನಮಗೆ ಚೌಕ ಎಣಿಸುವ ಅದರ ನಕ್ಷೆ ಕಷ್ಟವೇನಲ್ಲ. ಒಂದು ಸಾಲಿಗೆ ಎರಡೇ ಬಣ್ಣ, ಅಷ್ಟೇ.

ಕಷ್ಟವಿರುವುದು ಹಿಂಬದಿಯಲ್ಲಿ. ಧಾರವಾಡದ ಕಸೂತಿಯ ಗವಂತಿ ಹೊಲಿಗೆ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ಇಲ್ಲಿ ಹಾಗಲ್ಲ. ಒಂದು ಬಣ್ಣ ಹೆಣೆಯುವಾಗ ಇನ್ನೊಂದರ ದಾರ ಒಳಗಡೆ ಅಡ್ಡಡ್ಡ ಸಾಗುತ್ತದೆ. ಅದನ್ನು ಎಳೆದರೆ ಚೀಲ ಹಿಗ್ಗುವುದಿಲ್ಲ, ಹಿಮ್ಮಡಿಯೇ ದಾಟುವುದಿಲ್ಲ. ತೀರಾ ಸಡಿಲ ಬಿಟ್ಟರೆ ಬೆರಳು ಸಿಕ್ಕಿಕೊಳ್ಳುತ್ತದೆ.

ಅದಕ್ಕೇ ಚಿತ್ತಾರವನ್ನು ಕಣಕಾಲಿನ ಮೇಲಷ್ಟೇ ಇಟ್ಟೆ. ಅವರೆಕಾಯಿ ಹಸಿರಿನ ಮೇಲೆ ಬಿಳಿ ನಕ್ಷತ್ರ. 72 ಸ್ಟಿಚ್ ಹಾಕಿದರೆ 8 ಸ್ಟಿಚ್ಚಿನ ಚಿಕ್ಕ ನಕ್ಷತ್ರ ಸುತ್ತ 9 ಸಲ ಬರುತ್ತದೆ. ಮೇಲಂಚು ಎರಡು ಸೀದಾ, ಎರಡು ಉಲ್ಟಾ. ಶುರುವಿನ ಸಾಲು ಸಡಿಲವಾಗಿರಲಿ. ಪಾದ ಪೂರ್ತಿ ಬಿಳಿ, ಒಂದೇ ದಾರ. ಒಳಗೆ ಅಡ್ಡದಾರವೇ ಇಲ್ಲ, ಗಾಯವಾಗಿ ಕಲೆಯಾದರೂ ಬಿಳಿಯಲ್ಲಿ ತಕ್ಷಣ ಕಾಣುತ್ತದೆ.

ಹೆಣೆಯುವವರಿಗೆ ಕೆಲವು ಮಾತು:

• ಬಣ್ಣ ಬದಲಿಸುವ ಮುನ್ನ ಬಲಗಡ್ಡಿಯ ಸ್ಟಿಚ್‌ಗಳನ್ನು ಬೆರಳಲ್ಲಿ ಸವರಿ ಅಗಲಿಸಿ. ಅಡ್ಡದಾರ ತಾನಾಗಿ ಸಡಿಲವಾಗುತ್ತದೆ.

• 5 ಸ್ಟಿಚ್‌ಗಿಂತ ಉದ್ದ ಸಾಗಿದರೆ ನಡುವೆ ಒಮ್ಮೆ ಎರಡೂ ದಾರ ಹೊಸೆದುಕೊಳ್ಳಿ.

• ಪಾದಕ್ಕೆ 2.5 ಮಿ.ಮೀ. ಕಡ್ಡಿಯಾದರೆ ಚಿತ್ತಾರಕ್ಕೆ 2.75 ತೆಗೆದುಕೊಳ್ಳಿ.

• ನಕ್ಷತ್ರದ ಬಣ್ಣದ ದಾರ ಯಾವಾಗಲೂ ಕೆಳಗಿನಿಂದ ಬರಲಿ. ಆ ಬಣ್ಣವೇ ಎದ್ದು ಕಾಣುತ್ತದೆ. ನಡುವೆ ಅದಲು ಬದಲು ಮಾಡಬೇಡಿ.

• ಬೆರಳ ತುದಿ ಮುಚ್ಚಲು ದಪ್ಪ ಹೊಲಿಗೆ ಬೇಡ. ಸೂಜಿಯಲ್ಲಿ ಎರಡೂ ಬದಿಯ ಕುಣಿಕೆಗಳನ್ನು ಜೋಡಿಸುವ ಕಿಚನರ್ ವಿಧಾನದಲ್ಲಿ ಗಂಟು, ಏಣು ಏನೂ ಬರುವುದಿಲ್ಲ.

• ಸ್ವೆಟರಿನ ದಪ್ಪ ಅಕ್ರಿಲಿಕ್ ಬದಲು ಉಣ್ಣೆಗೆ ಸ್ವಲ್ಪ ನೈಲಾನ್ ಸೇರಿಸಿದ ತೆಳು ದಾರ ಕೊಳ್ಳಿ. ಬೆವರು ನಿಲ್ಲುವುದಿಲ್ಲ, ಹಿಮ್ಮಡಿ ಬೇಗ ಸವೆಯುವುದೂ ಇಲ್ಲ.

ಮುಗಿದ ಮೇಲೆ ಒಳಮೈ ಹೊರಗೆ ತಿರುಗಿಸಿ, ನಿಮ್ಮ ಕೈಯನ್ನೇ ತೂರಿಸಿ ನೋಡಿ. ಎಲ್ಲಿ ಬೆರಳು ಸಿಕ್ಕುತ್ತದೋ ಅಲ್ಲಿ ಸರಿಮಾಡಿ. ಮಾವ ಹಾಕಿಕೊಳ್ಳುವ ಮುನ್ನ ನಾನು ದಿನಾ ಹೀಗೆ ನೋಡುತ್ತೇನೆ. ರಾತ್ರಿ ಬಿಚ್ಚಿದಾಗ ಅತ್ತೆ ಪಾದ ನೋಡುತ್ತಾರೆ. ನುಣ್ಣನೆಯ ನೆಲದಲ್ಲಿ ಉಣ್ಣೆ ಜಾರುತ್ತದೆ, ಆದ್ದರಿಂದ ಮನೆಯೊಳಗೂ ಚಪ್ಪಲಿ ಇರಲಿ.

ದಿನಕ್ಕೆ ಒಂದು ಗಂಟೆ ಕೂತರೂ ಚಳಿಗಾಲ ಮುಗಿಯುವ ಮುಂಚೆ ಒಂದು ಜೊತೆ ಆಗುತ್ತದೆ. ಆದರೆ ಹಾಕಿಕೊಳ್ಳುವವರ ಕಾಲಲ್ಲಿ ಈಗಾಗಲೇ ಗಾಯವಿದ್ದರೆ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಕಾಲುಚೀಲ ಕಾಯುತ್ತೆ.