ಬಣ್ಣ ಹೊಡೆಯೋ ಮೊದಲು ಬಿರುಕು ನೋಡ್ರಿ: ಗಾಡಿ ಸಸ್ಪೆನ್ಷನ್ ಪೇಂಟಿಂಗ್

ಇವತ್ತಿನ ಸಂಚಿಕೆಯಲ್ಲಿ ಗಾಡಿಯ ಹೊಳೆಯೋ ಬಾಡಿ ಬಗ್ಗೆ ಅಲ್ಲ, ಅದರ ಕೆಳಗೆ ಅಡಗಿರೋ ಕಬ್ಬಿಣದ ಬಗ್ಗೆ ಮಾತಾಡ್ತೀನಿ. ಲೋವರ್ ಆರ್ಮ್, ಕಾಯಿಲ್ ಸ್ಪ್ರಿಂಗ್, ಕಮಾನ್ ಪಟ್ಟಾ, ಅಂದ್ರೆ ಸಸ್ಪೆನ್ಷನ್. ಇದಕ್ಕೆ ಬಣ್ಣ ಹೊಡೆಯೋದು ಹೆಂಗ? ಎಲ್ಲಿ ಹೊಡೀಲೇಬಾರದು?

"ಯಾದಗಿರಿ ಬಿಸಿಲಾಗ ತುಕ್ಕು ಎಲ್ಲಿಂದ ಬರ್ತದ?" ಅಂತ ನೀವು ಕೇಳಬಹುದು. ಬೇಸಿಗೆ ಮಟ್ಟಿಗೆ ಆ ಮಾತು ಖರೆ. ಆದ್ರೆ ಶಹಾಪುರ, ಸುರಪುರ ಭಾಗದಲ್ಲಿ ನಾರಾಯಣಪುರ ಎಡದಂಡೆ ಕಾಲುವೆ ನೀರಿನ ಭತ್ತದ ಗದ್ದೆಗಳಿವೆ. ಗಾಡಿ ಹೊಲದ ದಾರಿಗೆ ಇಳಿದರೆ ಎರಿ ಮಣ್ಣು ಕೆಳಗೆಲ್ಲ ಮೆತ್ತಿಕೊಳ್ತದ, ಹಸಿ ಬಟ್ಟೆ ಸುತ್ತಿದಂಗ ನೀರು ಹಿಡಿದಿಟ್ಕೊಳ್ತದ. ಗೊಬ್ಬರದ ಚೀಲ ಹೇರಿದ್ದರೆ ಇನ್ನೂ ಕಷ್ಟ. ಪೊಟ್ಯಾಷ್ ಗೊಬ್ಬರ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಉಪ್ಪೇ. ಉಪ್ಪು, ನೀರು, ಗಾಳಿ ಮೂರೂ ಸೇರಿದರೆ ಜಂಗ್ ಹಿಡಿಯೋದು ಜೋರಾಗ್ತದ.

ಹಂಗಾದ್ರೆ ಮೊದಲು ಮಾಡೋದೇನು? ಡಬ್ಬಿ ತೆಗೆಯೋದಲ್ಲ. ಮಣ್ಣು ತೊಳೆದು, ಗ್ರೀಸ್ ಒರೆಸಿ, ಬಿರುಕು ಹುಡುಕೋದು. ಇದಕ್ಕೊಂದು ಹಳೇ ಉಪಾಯ ಅದ. ಒಣಗಿದ ಭಾಗಕ್ಕೆ ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಿ. ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕಿನೊಳಗೆ ಕೂತ ಎಣ್ಣೆ ಹೊರಗೆ ಬಂದು, ಬಿಳಿ ಪುಡಿ ಮೇಲೆ ಗೆರೆ ಮೂಡಿಸ್ತದ. ಸಣ್ಣ ಬಿರುಕು ಇದರಲ್ಲಿ ತಪ್ಪಿಸಿಕೊಳ್ಳಬಹುದು; ಅನುಮಾನ ಇದ್ರೆ ಮೆಕ್ಯಾನಿಕ್‌ಗೆ ತೋರಿಸಿ. ಬಿರುಕು ಬಿಟ್ಟದ್ದನ್ನ ಬದಲಿಸಬೇಕು, ಬಣ್ಣ ಹೊಡೆದು ಮುಚ್ಚಬಾರದು. ಹತ್ತಿ ಬಿಡಿಸೋಕೆ ಹೋಗೋ ಕೂಲಿ ಜನರನ್ನ ತುಂಬಿಕೊಂಡ ಗಾಡಿಯ ಲೋವರ್ ಆರ್ಮ್ ದಾರಿಯಲ್ಲೇ ಮುರಿದರೆ ಏನಾಗ್ತದ, ಯೋಚಿಸಿ.

ಆಮೇಲೆ ತುಕ್ಕು ತೆಗೆಯೋದು. ಗ್ರೀಸ್ ಮೊದಲು, ತುಕ್ಕು ಆಮೇಲೆ. ಈ ಕ್ರಮ ತಿರುಗಿಸಿದರೆ ವೈರ್ ಬ್ರಷ್ ಜಿಡ್ಡನ್ನ ಎಲ್ಲಾ ಕಡೆ ಹರಡ್ತದ. ಸಡಿಲ ತುಕ್ಕು ಬ್ರಷ್‌ನಿಂದ ಹೋಗ್ತದ. 80ರಿಂದ 120 ನಂಬರಿನ ಎಮರಿ ಪೇಪರ್‌ನಿಂದ ಉಜ್ಜಿದರೆ ಬಣ್ಣ ಹಿಡಿಯೋಕೆ ಬೇಕಾದ ತರಿ ಸಿಗ್ತದ.

ಸ್ಪ್ರಿಂಗ್ ವಿಷಯದಲ್ಲಿ ಮೂರು ಎಚ್ಚರ. ಒಂದು, ಕಾಯಿಲ್ ಸ್ಪ್ರಿಂಗ್ ಒತ್ತಡದಲ್ಲಿ ಕೂತಿರ್ತದ. ಕಂಪ್ರೆಸರ್ ಟೂಲ್ ಇಲ್ಲದೆ ಬಿಚ್ಚಿದರೆ ಸಿಡಿದು ಜೀವಕ್ಕೇ ಕುತ್ತು. ಎರಡು, ಗ್ರೈಂಡರ್ ತಾಗಿಸಬೇಡಿ. ಚಿಕ್ಕ ಗೀರು ಸಾಕು, ಮುಂದೆ ಅಲ್ಲಿಂದಲೇ ಬಿರುಕು ಶುರುವಾಗ್ತದ. ಮೂರು, ಬಾತ್‌ರೂಮ್ ತೊಳೆಯೋ ಆಸಿಡ್‌ನಲ್ಲಿ ನೆನೆಹಾಕಬೇಡಿ. ಆಸಿಡ್‌ನಿಂದ ಹುಟ್ಟೋ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಇಳಿದು ಅದನ್ನ ಪೆಡಸು ಮಾಡ್ತದ. ಹೊರಗೆ ಫಳಫಳ ಅನ್ನೋ ಸ್ಪ್ರಿಂಗ್ ಲೋಡ್ ಬಿದ್ದಾಗ ಪಟ್ ಅಂತ ಮುರೀಬಹುದು.

ಈಗ ಬಣ್ಣ. ಬರೀ ಲೋಹಕ್ಕೆ ಕಾಯೋ ತಾಳ್ಮೆ ಇಲ್ಲ. ಮಳೆಗಾಲದಲ್ಲಿ ಕೆಲವೇ ಗಂಟೆಗಳಲ್ಲಿ ಕೆಂಪಗೆ ತಿರುಗ್ತದ. ಅದಕ್ಕೆ ಉಜ್ಜಿದ ದಿನವೇ ಥಿನ್ನರ್‌ನಿಂದ ಒರೆಸಿ ಪ್ರೈಮರ್ ಹಚ್ಚಿಬಿಡಿ. ರೆಡ್ ಆಕ್ಸೈಡ್ ಅಗ್ಗ, ಎಲ್ಲಾ ಕಡೆ ಸಿಗ್ತದ. ಆದ್ರೆ ಅದೊಂದೇ ಸಾಲಲ್ಲ, ತೇವ ಒಳಗೆ ಬಿಡ್ತದ. ಮೇಲೆ ಎನಾಮೆಲ್ ಬೇಕೇ ಬೇಕು. ಹಾರ್ಡನರ್ ಬೆರೆಸೋ ಎಪಾಕ್ಸಿ ಪ್ರೈಮರ್‌ಗೆ ಖರ್ಚು ಜಾಸ್ತಿ, ಬಾಳಿಕೆಯೂ ಜಾಸ್ತಿ. ಹಳೇ ರೆಡ್ ಆಕ್ಸೈಡ್ ಮೇಲೆ ಮಾತ್ರ ಎಪಾಕ್ಸಿ ಬೇಡ. ಕೆಳಗಿನ ಪದರ ಸುಕ್ಕುಗಟ್ಟಿ ಏಳಬಹುದು.

ಮೇ ತಿಂಗಳ ಮಧ್ಯಾಹ್ನ ಸ್ಪ್ರೇ ಮಾಡಿದರೆ ಹನಿ ಗಾಳಿಯಲ್ಲೇ ಒಣಗಿ ಪುಡಿಯಾಗಿ ಕೂಡ್ತದ. ಬೆಳಿಗ್ಗೆ, ಲೋಹದ ಮೇಲಿನ ತಂಪು ತೇವ ಆರಿದ ಮೇಲೆ, ನೆರಳಲ್ಲಿ ಮಾಡಿ. ಒಂದು ದಪ್ಪ ಕೋಟ್‌ಗಿಂತ ಎರಡು ತೆಳು ಕೋಟ್ ವಾಸಿ.

ಮುಟ್ಟಬಾರದ ಜಾಗಗಳಿಗೆ ಟೇಪ್ ಹಚ್ಚಿ: ಬುಷ್ ರಬ್ಬರ್, ಬಾಲ್ ಜಾಯಿಂಟ್ ಕೂಡೋ ತೂತು, ಬೋಲ್ಟ್ ಮರೆ, ಶಾಕ್ ಅಬ್ಸಾರ್ಬರ್‌ನ ಹೊಳೆಯೋ ರಾಡ್. ಬೋಲ್ಟ್ ತಲೆ ಕೂಡೋ ಜಾಗದಲ್ಲಿ ದಪ್ಪ ಬಣ್ಣ ಇದ್ದರೆ ಓಡಾಟದಲ್ಲಿ ಅದು ಜಜ್ಜಿ ಹೋಗಿ ಬಿಗಿ ಸಡಿಲಾಗ್ತದ. ಪಾರ್ಟ್ ಬಿಚ್ಚಿ ಜೋಡಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸೋದನ್ನ ಮರೀಬೇಡಿ.

ಕೊನೇ ಮಾತು, ಸೆಕೆಂಡ್‌ಹ್ಯಾಂಡ್ ಗಾಡಿ ತಗೊಳ್ಳೋರಿಗೆ. ಕೆಳಗೆ ಬಗ್ಗಿ ನೋಡಿದಾಗ ಹೊಸ ಕಪ್ಪು ಬಣ್ಣ ಕಂಡರೆ ತಕ್ಷಣ ಖುಷಿಪಡಬೇಡಿ. ಹೊಡೆಯೋ ಮೊದಲು ಒಳಗೆ ಏನಿತ್ತು ಅಂತ ಕೇಳ್ರಿ. ಫೋಟೋ ಇದ್ರೆ ತೋರಿಸಿ ಅನ್ರಿ. ನೀವೇ ಬಣ್ಣ ಹೊಡೆಯೋರಾದ್ರೆ, ಹೊಡೆಯೋ ಮೊದಲು ಮೊಬೈಲ್‌ನಲ್ಲಿ ನಾಲ್ಕು ಫೋಟೋ ತೆಗೆದಿಡಿ. ನಾಳೆ ಗಾಡಿ ಮಾರುವಾಗ ಆ ಫೋಟೋಗಳೇ ನಿಮ್ಮ ಮಾತಿಗೆ ಸಾಕ್ಷಿ. ಮತ್ತೆ ಸಿಗೋಣ್ರಿ.